ಜೋಳಿಗೆಯ ಓದು

ಕನ್ನಡಕಗಳು ಇಲ್ಲಿ ದೊರೆಯುತ್ತವೆ, ಹಲ್ಲುನೋವೇ ಒಳಗೆ ಬನ್ನಿ, ಇಲ್ಲಿ ಭಿತ್ತಿಪತ್ರ ಅಂಟಿಸಬಾರದು, ಅದರ ಮೇಲೇ ಮೂರು ಭಿತ್ತಿಪತ್ರ, ಬಸ್ಸು ಮುಂದಕ್ಕೆ ಹೋದಂತೆ ಬೋರ್ಡುಗಳೆಲ್ಲ ಹಿಂದಕ್ಕೆ ಓಡುತ್ತಿವೆ, ಬೇಡವೆಂದರೂ ಕಣ್ಣು ಒಂದೊಂದನ್ನೂ ಓದಿಯೇ ತೀರುತ್ತದೆ, ಸಾವಿನ ಮನೆಗೆ ಹೋಗುವಾಗಲೂ ದಾರಿಯ ಬೋರ್ಡು ಓದಿದವಳು ನಾನು, ಹುಟ್ಟುಗುಣ ಸುಟ್ಟರೂ ಹೋಗದು. ಮಗು ಸಿಕ್ಕಿದೆ. ಅಷ್ಟು ಸಾಕಲ್ಲ, ಸಿಕ್ಕಿದೆ, ಊರಾಚೆಯ ಬಸ್ ಡಿಪೋದಲ್ಲಿ ಇದೆ, ಕಂಡಕ್ಟರ್ ಹೆಂಗಸೊಬ್ಬಳು ಅದರ ಚೀಲದಲ್ಲಿದ್ದ ಲೈಬ್ರರಿ ಕಾರ್ಡು ನೋಡಿ ಫೋನು ಮಾಡಿದಳು, ಮೈಮೇಲೆ ಒಂದು ಗೀರೂ ಇಲ್ಲ ಮೇಡಂ, ಬಂದು ಕರ್ಕೊಂಡು ಹೋಗಿ ಅಂದಳು, ಮತ್ತೇಕೆ ಎದೆ ಇನ್ನೂ ಹೀಗೆ ಹೊಡೆದುಕೊಳ್ಳುತ್ತಿದೆ, ಬೆಳಗಿನಿಂದ ಓಡಿದ ಓಟ ಇಳಿದಿಲ್ಲವೋ, ಅಥವಾ ಸಿಕ್ಕಿದ ಮೇಲೆ ಆ ಮಗುವಿನ ಮುಖ ನೋಡಬೇಕಲ್ಲ ಅನ್ನುವ ಭಯವೋ. ಪಕ್ಕದ ಸೀಟಿನಲ್ಲಿ ಅವಳ ಅಪ್ಪ. ಮನೆಗಳಿಗೆ ಬಣ್ಣ ಹೊಡೆಯುವವನು, ಮೊಣಕೈವರೆಗೆ ಬಿಳಿ ಚುಕ್ಕೆಗಳು, ಎಷ್ಟು ಉಜ್ಜಿದರೂ ಹೋಗದ ಚುಕ್ಕೆಗಳು, ಮಗಳು ಬಹುಮಾನ ತಗೊಳ್ಳುವುದನ್ನು ನೋಡಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಈಗ ಆ ಅಂಗಿ ಬೆವತು ಬೆನ್ನಿಗೆ ಅಂಟಿಕೊಂಡಿದೆ. ಜೋಳಿಗೆ ಅವನ ಮಗಳು, ಹನ್ನೊಂದು ವರ್ಷ, ಮೊಣಕಾಲಿಗೆ ಬಡಿಯುವಷ್ಟು ದೊಡ್ಡ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಾಳೆ ಅಂತ ನಾನಿಟ್ಟ ಹೆಸರು, ಈಗ ಮನೆಯಲ್ಲೂ ಹಾಗೇ ಕರೆಯುತ್ತಾರಂತೆ. ಈ ಮನುಷ್ಯ ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಚೆನ್ನಾಗಿತ್ತು. ರೈಲ್ವೆ ಸ್ಟೇಷನ್ನಿನಲ್ಲಿ ಎರಡನೇ ಸಲ ಪ್ಲಾಟ್‌ಫಾರಂ ಸುತ್ತುವಾಗ ಒಂದೇ ಒಂದು ಮಾತು ಕೇಳಿದ, ನೀವು ಕೊಟ್ಟ ಆ ಪುಸ್ತಕದಲ್ಲಿ ಏನಿತ್ತು ಮೇಡಂ ಅಂತ, ಅಷ್ಟೇ, ದನಿಯೂ ಏರಿಸಲಿಲ್ಲ, ನಾನು ಹೇಳಿದೆ, ಹೇಳುತ್ತ ಹೇಳುತ್ತ ನನ್ನ ನಾಲಿಗೆಯೇ ನನಗೆ ಕಹಿಯಾಯಿತು.

ಆ ಪುಸ್ತಕದಲ್ಲಿ ಒಬ್ಬ ಹುಡುಗಿ ಮನೆ ಬಿಟ್ಟು ಹೋಗುತ್ತಾಳೆ. ಹನ್ನೊಂದೇ ವರ್ಷ ಅವಳಿಗೂ. ರೈಲಿನ ಪಾರ್ಸಲ್ ಡಬ್ಬಿಯಲ್ಲಿ ಬಾತುಕೋಳಿ ಬುಟ್ಟಿಗಳ ನಡುವೆ ಅಡಗಿ ಕೂತು ಮೂರು ರಾಜ್ಯ ದಾಟುತ್ತಾಳೆ, ಬಾತುಕೋಳಿಗಳು ಅವಳನ್ನು ಬಿಟ್ಟುಕೊಡುವುದಿಲ್ಲ, ಸಮುದ್ರ ಕಂಡಾಗ ಅವಳು ನಗುವುದಿಲ್ಲ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ ಅಷ್ಟೇ, ಆ ಒಂದು ಸಾಲಿಗಾಗಿ ನಾನು ಇಡೀ ಕಾದಂಬರಿಯನ್ನು ಮೂರು ಸಲ ಓದಿದ್ದೇನೆ, ಮೂರು ಸಲವೂ ಅಲ್ಲಿ ಬಂದಾಗ ಪುಸ್ತಕ ಮುಚ್ಚಿ ಕಿಟಕಿ ನೋಡಿದ್ದೇನೆ. ಅದನ್ನೇ ಮೂರು ವಾರದ ಹಿಂದೆ ಜೋಳಿಗೆಗೆ ಕೊಟ್ಟೆ, ಅವಳ ನಲವತ್ತೊಂದನೆಯ ಪುಸ್ತಕ, ರಟ್ಟಿನ ಒಳಗೆ ನನ್ನ ಚೀಟಿ, ನನ್ನ ದುಂಡನೆಯ ಅಕ್ಷರ, ಇದು ಮುಗಿಯುವಷ್ಟರಲ್ಲಿ ನಿನ್ನ ಕಾಲಿಗೆ ಚಕ್ರ ಬಂದಿರುತ್ತದೆ ನೋಡು. ಬಂತು ಚಕ್ರ. ಬೆಳಗ್ಗೆ ಹತ್ತೂವರೆಗೆ ಲೈಬ್ರರಿಯಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು, ಮುಖ್ಯ ಅತಿಥಿ ಗಡಿಯಾರ ನೋಡಿಕೊಳ್ಳುತ್ತಿದ್ದರು, ಈ ಅಪ್ಪ ಬಂದು ಮಗಳೆಲ್ಲಿ ಮೇಡಂ ಅಂದ, ನಾನು ಇನ್ನೂ ಬಂದಿಲ್ಲವಲ್ಲ ಅಂದೆ, ಇಲ್ಲಾ ಎಂಟು ಗಂಟೆಗೇ ಹೊರಟಳು, ಕುರ್ಚಿ ಹಾಕಕ್ಕೆ ಮೇಡಂ ಕರೆದಿದ್ದಾರೆ ಅಂದ್ಲು ಅಂದ. ನಾನು ಯಾರನ್ನೂ ಕರೆದಿರಲಿಲ್ಲ. ಆ ಕ್ಷಣಕ್ಕೇ ಕಣ್ಣ ಮುಂದೆ ಪಾರ್ಸಲ್ ಡಬ್ಬಿ ಬಂತು, ಬುಟ್ಟಿಗಳು, ಕತ್ತಲೆ, ನನಗೆ ಗೊತ್ತು ಅವಳೆಲ್ಲಿದ್ದಾಳೆ ಅಂತ ಅಪ್ಪನ ಕೈ ಹಿಡಿದು ಓಡಿದೆ, ಸಮಾರಂಭ ಅಟೆಂಡರ್ ಪಾಲಿಗೆ ಬಿಟ್ಟು, ಅವಳ ಅಮ್ಮನಿಗೆ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಪಾಳಿಯಲ್ಲಿದ್ದವಳಿಗೆ, ಫೋನು ಮಾಡಿ, ಪೊಲೀಸರಿಗೆ ಹೇಳಿ, ಪಾರ್ಸಲ್ ಆಫೀಸಿನ ಗುಮಾಸ್ತನ ಜೊತೆ ಜಗಳವಾಡಿ, ಮೂರು ಗಂಟೆ. ಅಲ್ಲಿ ಬಾತುಕೋಳಿ ಇರಲಿಲ್ಲ, ಟೈರುಗಳಿದ್ದವು. ಮೂರು ಗಂಟೆ ಹೊತ್ತು ನನ್ನ ಖಾತ್ರಿಯ ಹಿಂದೆ ಒಬ್ಬ ಅಪ್ಪನನ್ನು ಅಲೆದಾಡಿಸಿದೆ, ಮಗು ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ.

ಮೂವತ್ತೊಂದು ವರ್ಷ ಪುಸ್ತಕ ಕೊಟ್ಟಿದ್ದೇನೆ, ಒಂದು ಪುಸ್ತಕದಿಂದ ಯಾರಿಗಾದರೂ ಕೆಟ್ಟದ್ದಾಗಬಹುದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಪುಸ್ತಕಕ್ಕೆ ಜಾತಿಯಿಲ್ಲ ಅನ್ನುವುದು ನನ್ನ ಒಂದೇ ವೇದಾಂತ. ಪತ್ತೇದಾರಿಯೋ ಪ್ರೇಮವೋ ದೆವ್ವವೋ, ನಾಲ್ಕು ತಲೆಮಾರಿನ ದಪ್ಪ ಕಾದಂಬರಿಯೋ, ಎಂಟೇ ಪುಟದ ಚಿತ್ರಪುಸ್ತಕವೋ, ಒಳಗೆ ಜೀವ ಇದೆಯಾ, ಇದ್ದರೆ ಮುಗಿಯಿತು. ಮೊದಲ ಪುಟದಲ್ಲೇ ಕೊಲೆಗಾರ ಯಾರೆಂದು ಹೇಳಿಬಿಟ್ಟು, ಆಮೇಲೆ ಇನ್ನೂರು ಪುಟ ಅವನು ಸಿಕ್ಕಿಬೀಳದಿರಲಿ ದೇವರೇ ಅಂತ ಓದುವವರಿಂದಲೇ ಬೇಡಿಸುವ ಪತ್ತೇದಾರಿ ಒಂದಿದೆ, ಅದನ್ನು ಬರೆದವನಿಗೆ ಕೈಮುಗಿಯಬೇಕು. ಮನುಷ್ಯರಿಗೆ ಹೆದರುವ ದೆವ್ವದ ಕಥೆ ಇದೆ, ನಗುತ್ತ ಶುರು ಮಾಡಿದರೆ ಮೂರನೇ ಪುಟಕ್ಕೆ ಹಿಂದೆ ತಿರುಗಿ ನೋಡುತ್ತೀರಿ. ಒಬ್ಬರನ್ನೊಬ್ಬರು ಕಾಣದೆ ನಲವತ್ತು ವರ್ಷ ಕಾಗದ ಬರೆದುಕೊಂಡ ಇಬ್ಬರು ಹೆಂಗಸರ ಕಾದಂಬರಿ, ಶಬ್ದವೇ ಇಲ್ಲದ ನಕ್ಷತ್ರಕ್ಕೆ ಹೋದ ವಿಜ್ಞಾನಿಯ ಕಥೆ, ತನ್ನ ಬಾಲವನ್ನು ಬಾಡಿಗೆಗೆ ಕೊಟ್ಟ ಇಲಿಯ ಚಿತ್ರಪುಸ್ತಕ, ಎಲ್ಲಕ್ಕೂ ಒಂದೊಂದು ಚೀಟಿ, ಎರಡೇ ಸಾಲು, ಓದುವವರ ಮೂಗಿಗೆ ಒಗ್ಗರಣೆಯ ಘಮ ಬಡಿಯಬೇಕು ಅಷ್ಟು, ಊಟ ಅವರೇ ಮಾಡಲಿ. ನಿವೃತ್ತ ನ್ಯಾಯಾಧೀಶರೊಬ್ಬರು ಪ್ರೇಮಕಾದಂಬರಿಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಕೊಂಡು ಒಯ್ಯುತ್ತಾರೆ, ಅವರದಕ್ಕೆ ನಾನು ಬರೆಯುವ ಚೀಟಿ, ಕೊನೆಗೆ ಇಬ್ಬರೂ ಒಂದಾಗುತ್ತಾರೆ ಸಾರ್, ಧೈರ್ಯವಾಗಿ ಓದಿ. ಬೀಗ ರಿಪೇರಿಯವನು ಮಕ್ಕಳ ವಿಭಾಗದಲ್ಲಿ ನಿಂತು ಇಲಿಯ ಪುಸ್ತಕ ಓದಿ ಕಣ್ಣೊರೆಸಿಕೊಂಡ, ನಾನು ನೋಡದವಳ ಹಾಗೆ ಶೆಲ್ಫು ಒರೆಸಿದೆ. ಇವರೆಲ್ಲ ನನ್ನ ಆಸ್ತಿ ಅಂದುಕೊಂಡಿದ್ದೆ. ಇವರಲ್ಲೆಲ್ಲ ಮೇಲು ಜೋಳಿಗೆ.

ಎರಡು ವರ್ಷದ ಹಿಂದೆ ಒಂದು ಶನಿವಾರ ಬಂದು ಶೆಲ್ಫಿನ ಮುಂದೆ ನಿಂತಿದ್ದಳು, ಪುಸ್ತಕ ತೆಗೆಯುವುದಿಲ್ಲ, ಬೆನ್ನುಗಳನ್ನು ಮುಟ್ಟುತ್ತ ಹೋಗುತ್ತಾಳೆ, ಹಸು ಕಟ್ಟಿದ ಕೊಟ್ಟಿಗೆಯಲ್ಲಿ ಒಂದೊಂದರ ಮೈ ಸವರಿದ ಹಾಗೆ. ಏನು ಬೇಕು ಪುಟ್ಟಾ ಅಂದೆ, ಸುಮ್ಮನೆ ನಿಂತಳು, ನನಗೆ ಅಷ್ಟು ಸಾಕು, ಇಲಿಯ ಪುಸ್ತಕ ಕೈಗಿತ್ತು ಶುರು ಮಾಡಿದೆ, ಈ ಇಲಿಗೆ ಬಾಲ ಅಂದ್ರೆ ಭಾರೀ ಜಂಬ, ಒಂದಿನ ಹಲ್ಲಿ ಬಂದು ನಂದು ಬಿದ್ದೋಗಿದೆ, ನಿನ್ನದು ಒಂದು ವಾರಕ್ಕೆ ಕೊಡ್ತೀಯಾ ಅಂತ ಕೇಳತ್ತೆ, ಹೀಗೆ ಹತ್ತು ನಿಮಿಷ, ಇಪ್ಪತ್ತು ನಿಮಿಷ, ಆ ಕಣ್ಣುಗಳನ್ನು ನೋಡುತ್ತ ನೋಡುತ್ತ ಕಥೆಯ ತುದಿಯವರೆಗೂ ಹೋಗಿಬಿಟ್ಟೆ. ಮುಂದಿನ ಶನಿವಾರ ಪುಸ್ತಕ ವಾಪಸು ತಂದಳು. ಹೇಗಿತ್ತು ಅಂದೆ. ಬಾಲ ಇಲ್ದಿದ್ರೆ ಕೂತ್ಕೊಳ್ಳುವಾಗ ಇಲಿ ಒಂದು ಕಡೆ ವಾಲತ್ತೆ ಅಲ್ವಾ ಮೇಡಂ, ಅದ್ಕೆ ಅದು ಆ ವಾರ ಪೂರ್ತಿ ನಿಂತ್ಕೊಂಡೇ ಇತ್ತು ಅಂದಳು. ಪುಸ್ತಕದಲ್ಲಿ ಅದಿಲ್ಲ. ಎಲ್ಲೂ ಇಲ್ಲ. ನನಗೆ ಮೈ ಜುಮ್ಮೆಂದಿತು, ಅಟೆಂಡರಿಗೆ ಹೇಳಿದೆ, ನೋಡ್ರೀ, ಈ ಮಗು ಸಾಲುಗಳ ನಡುವೆ ಓದುತ್ತೆ. ಆಮೇಲೆ ಪ್ರತಿ ಶನಿವಾರ, ನಾನು ಹೇಳಿ ಕೊಡುವುದು, ಅವಳು ಹೊತ್ತು ತಂದು ಹೇಳುವುದು, ದೆವ್ವದ ಕಥೆಯಲ್ಲಿ ದೆವ್ವದ ಅಮ್ಮನ ಬಗ್ಗೆ ಕೇಳಿದಳು, ಶಬ್ದವಿಲ್ಲದ ನಕ್ಷತ್ರದಲ್ಲಿ ಮಗು ಅತ್ತರೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದಳು, ದೊಡ್ಡವರ ಕಾದಂಬರಿಗಳ ಸಾರವನ್ನೂ ಹೇಳತೊಡಗಿದೆ, ಅದಕ್ಕೂ ಅವಳದೊಂದು ಮಾತು ಇರುತ್ತಿತ್ತು. ಶನಿವಾರಕ್ಕಾಗಿ ನಾನು ವಾರವಿಡೀ ಕಾಯುತ್ತಿದ್ದೆ, ಒಪ್ಪಿಕೊಳ್ಳಬೇಕು, ಮನೆಯಲ್ಲಿ ನನ್ನ ಮಾತು ಕೇಳಲು ಒಂದು ರೇಡಿಯೋ ಇದೆ, ಅದೂ ಅದರ ಪಾಡಿಗೆ ಮಾತಾಡುತ್ತದೆ. ಹಾಗಾಗಿ ಈ ವರ್ಷದ ಪುಟ್ಟ ಓದುಗ ಬಹುಮಾನ ಯಾರಿಗೆ ಅಂತ ಸಮಿತಿಯವರು ಕೇಳಿದಾಗ ಅವರ ಮಾತು ಮುಗಿಯುವ ಮೊದಲೇ ಹೆಸರು ಹೇಳಿದೆ. ಹತ್ತು ದಿನದ ಹಿಂದೆ ಅವಳಿಗೂ ಹೇಳಿದೆ, ವೇದಿಕೆ ಮೇಲೆ ನಿನಗಿಷ್ಟವಾದ ಒಂದು ಪುಟ ಓದಬೇಕು ಜೋಳಿಗೆ, ಎಲ್ಲರೂ ಕೇಳಬೇಕು. ಅವಳು ಹೂಂ ಅಂದಳಾ? ಅಂದಳು ಅಂತ ನೆನಪು. ನಾನು ಆಗ ಬ್ಯಾನರಿನ ಅಳತೆ ಬರೆದುಕೊಳ್ಳುತ್ತಿದ್ದೆ.

ಇಳೀರಿ ಮೇಡಂ, ಬಂತು, ಅಂದ ಅಪ್ಪ. ಡಿಪೋ. ಡೀಸೆಲ್ಲಿನ ಕಮಟು, ತೊಳೆದು ನಿಲ್ಲಿಸಿದ ಬಸ್ಸುಗಳಿಂದ ನೀರು ತೊಟ್ಟಿಕ್ಕುತ್ತಿದೆ, ಉದ್ದದ ಶೆಡ್ಡು, ಅದರ ತುದಿಗೆ ಟೈಂಕೀಪರನ ಕೋಣೆ, ಪಾಳಿಯ ಪಟ್ಟಿ ನೇತುಹಾಕಿದ ಗೋಡೆ, ಅದರಡಿಯ ಬೆಂಚಿನ ಮೇಲೆ ಹೊಸ ಫ್ರಾಕು, ಮಡಿಲಲ್ಲಿ ಚೀಲ, ಕೈಯಲ್ಲಿ ಅರ್ಧ ತಿಂದ ಬನ್ನು, ಅಯ್ಯೋ ಎಷ್ಟು ಸಣ್ಣಗೆ ಕಾಣುತ್ತಾಳೆ, ಲೈಬ್ರರಿಯಲ್ಲಿ ಇಷ್ಟು ಸಣ್ಣವಳಾಗಿ ಯಾವತ್ತೂ ಕಂಡಿರಲಿಲ್ಲ. ಅಪ್ಪ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟ, ಇಟ್ಟ ಕೈ ತೆಗೆಯಲಿಲ್ಲ. ಬಸ್ಸು ತಪ್ಪೋಯ್ತು ಅಪ್ಪಾ, ಅತ್ತೆ ಮನೆಗೆ ಹೋಗೋಣ ಅಂತಿದ್ದೆ ಅಂದಳು. ನನ್ನತ್ತ ನೋಡಲಿಲ್ಲ. ಕಂಡಕ್ಟರ್ ಹೆಂಗಸು ಟಿಕೆಟ್ ಯಂತ್ರ ಹೆಗಲಿಗೆ ಹಾಕಿಕೊಂಡು ಬಂದಳು, ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹತ್ತಿದ್ದಂತೆ ಈ ಮಗು, ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಕೂತೇ ಇತ್ತಂತೆ, ಇಲ್ಲಿ ಕೂರಿಸಿ, ಯಾರಾದರೂ ಬರುತ್ತಾರೆ ಅಂತ ತಾನು ಡ್ಯೂಟಿಗೆ ಹೋಗಿ, ಎರಡು ಗಂಟೆಗೆ ತಿರುಗಿ ಬಂದರೆ ಕೂತ ಕಡೆಯೇ ಕೂತಿದೆ, ಆಗ ಚೀಲ ನೋಡಿದ್ದು. ಅವರತ್ತೆ ಮನೆ ಬಸ್ಸಿಗೆ ಮೊದ್ಲು ಹಸಿರು ಬೋರ್ಡಿತ್ತು ನೋಡಿ ಮೇಡಂ, ಹೋದ ತಿಂಗಳಿಂದ ಎಲ್ಲಾ ಬಸ್ಸಿಗೂ ಒಂದೇ ತರದ ಬಿಳೀ ಬೋರ್ಡು ಹಾಕ್ಬಿಟ್ಟಿದ್ದಾರೆ. ಬೋರ್ಡಲ್ಲಿ ಬರ್ದಿರತ್ತಲ್ಲಮ್ಮಾ, ಓದ್ಕೊಂಡು ಹತ್ತಬಾರ್ದಾ ಅಂದೆ ಇದಕ್ಕೆ. ಓದಕ್ಕೆ ಬರಲ್ಲ ಅಕ್ಕಾ ಅಂತು, ಪಾಪ, ಅಂದಳು ಕಂಡಕ್ಟರ್.

ಇಲ್ಲ, ನೀವು ತಪ್ಪು ತಿಳ್ಕೊಂಡಿದ್ದೀರಿ, ಇವಳು ನಮ್ಮ ಲೈಬ್ರರಿಯಲ್ಲೇ ಎಲ್ಲರಿಗಿಂತ ಹೆಚ್ಚು ಓದಿರೋ ಮಗು, ನಲವತ್ತೊಂದು ಪುಸ್ತಕ, ಇವತ್ತು ಬಹುಮಾನ ಇತ್ತು ಇವಳಿಗೆ, ಅಂತ ನಾನು, ನಗುತ್ತ, ಎಂಥ ನಗು ಅದು, ತಪ್ಪು ತಿದ್ದುವವರ ನಗು. ಕಂಡಕ್ಟರ್ ಮಗುವನ್ನು ನೋಡಿದಳು. ಮಗು ತನ್ನ ಕಾಲಿನ ಬೆರಳು ನೋಡಿಕೊಂಡಿತು. ನನ್ನ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಗೆದು ಹಾಕಿದ ಬಟ್ಟೆಯನ್ನು ತೆಗೆಯಲು ಮರೆತ ಹಾಗೆ. ಜೋಳಿಗೆ ಅಂದೆ. ಹೌದಾ ಅಂದೆ. ಅವಳು ತಲೆಯಾಡಿಸಿದಳು. ಯಾರೋ ಗೊತ್ತಿಲ್ಲದ ಹೆಂಗಸಿಗೆ ಬನ್ನು ತಿನ್ನುತ್ತ ತಿನ್ನುತ್ತ ಹೇಳಿದ ಮಾತು, ಎರಡು ವರ್ಷ ಎದುರು ಕೂತ ನನಗೆ ಹೇಳಲಾಗಿರಲಿಲ್ಲ. ಮತ್ತೆ ನಂಗೆ ಹೇಳ್ತಿದ್ದ ಕಥೆಗಳು ಅಂದೆ, ದನಿ ನನ್ನದಲ್ಲವೆಂಬಂತೆ ಹೊರಬಂತು. ನೀವು ಪುಸ್ತಕ ಕೊಡುವಾಗ ಹೇಳ್ತಿದ್ರಲ್ಲ ಮೇಡಂ. ಅದನ್ನೇ ಇಟ್ಕೊಂಡು, ಚಿತ್ರ ನೋಡಿ, ಆಮೇಲೆ ಹೇಳ್ತಿದ್ದೆ. ನೀವು ಪೂರ್ತಿ ಹೇಳ್ತಿದ್ರಿ, ಒಳಗೆ ನೋಡೋದು ಬೇಕಾಗ್ತಿರ್ಲಿಲ್ಲ. ಆರೋಪವೇನೂ ಇರಲಿಲ್ಲ ಆ ದನಿಯಲ್ಲಿ, ಹೊಗಳಿಕೆಯ ಹಾಗೇ ಹೇಳಿದಳು. ಸಾಲು ಓದಲು ಬಾರದ ಮಗು ಸಾಲುಗಳ ನಡುವಿನದನ್ನೇ ಓದುತ್ತಿತ್ತು, ಅದೊಂದೇ ಅವಳಿಗೆ ತೆರೆದಿದ್ದ ಜಾಗ, ಮತ್ತು ನಾನು, ನಾನು ಎರಡು ವರ್ಷ ನನ್ನ ದನಿಯನ್ನೇ ಅವಳ ಬಾಯಿಂದ ಕೇಳಿ ಆಹಾ ಅನ್ನುತ್ತಿದ್ದೆ, ಬಾವಿಗೆ ಬಗ್ಗಿ ಕೂಗಿ ಒಳಗೆ ಯಾರೋ ಇದ್ದಾರೆ ಅಂತ ಸಂಭ್ರಮಿಸಿದವಳ ಹಾಗೆ. ಬಾತುಕೋಳಿ ಪುಸ್ತಕ ಅವಳನ್ನು ಓಡಿಸಲಿಲ್ಲ. ಅದರ ಒಂದು ಸಾಲೂ ಅವಳಿಗೆ ಮುಟ್ಟಿಲ್ಲ. ಓಡಿಸಿದ್ದು ನನ್ನ ವೇದಿಕೆ.

ಆಗ ಅಪ್ಪ ಕೇಳಿದ, ಹಾಗಾದ್ರೆ ದಿನಾ ನಂಗೆ ಓದಿ ಹೇಳ್ತಿದ್ದದ್ದು? ಜೋಳಿಗೆ ಉಳಿದ ಬನ್ನನ್ನು ಚೀಲದೊಳಗೆ ಇಟ್ಟಳು. ಅವನು ನನ್ನ ಕಡೆ ತಿರುಗಿ ವಿವರಿಸಿದ, ಮೊದಲ ಸಲ ಇಷ್ಟು ಉದ್ದ ಮಾತಾಡಿದ್ದು, ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು ಕೂತರೆ ಇವಳು ಪುಸ್ತಕ ತೆಗೆದು ಓದುತ್ತಾಳಂತೆ, ಬೆರಳಿಟ್ಟು, ಪುಟ ತಿರುಗಿಸಿ, ಒಂದೊಂದು ಪುಸ್ತಕ ಒಂದು ವಾರ ಓದಿದ್ದೂ ಇದೆಯಂತೆ, ಕಾದಂಬರಿಯಾದರೆ ಎರಡು ವಾರ, ಬಾತುಕೋಳಿಯದು ಮಾತ್ರ ಇನ್ನೂ ತೆಗೆದಿರಲಿಲ್ಲವಂತೆ, ಅವಳಮ್ಮ ಸಂಜೆ ಪಾಳಿ ಬೇಡ ಅಂತ ಬರೆಸಿದ್ದೇ ಅದನ್ನು ಕೇಳಲಿಕ್ಕೆ. ನಂಗೂ ಬರಲ್ಲ ಮೇಡಂ, ಅವಳಮ್ಮಂಗೂ ಬರಲ್ಲ, ಸಹಿ ಒಂದು ಬರತ್ತೆ, ಇವಳಾದ್ರೂ ಕಲಿತ್ಲಲ್ಲ ಅಂತಿದ್ವಿ. ಹತ್ತು ನಿಮಿಷದ ನನ್ನ ಮಾತಿನಿಂದ ಒಂದು ವಾರದ ಓದು. ಅಷ್ಟೂ ಅವಳೇ ನೇಯ್ದದ್ದು. ಅಜ್ಜಿ ನೆನಪಾದಳು ಆ ಡೀಸೆಲ್ ಕಮಟಿನ ನಡುವೆ, ನನ್ನ ಅಜ್ಜಿ, ಅಕ್ಷರ ಬಾರದವಳು, ಮಧ್ಯಾಹ್ನ ಅಡುಗೆಮನೆ ಬಾಗಿಲಿಗೆ ತಲೆಯಿಟ್ಟು ಮಲಗಿ ಓದೇ ಅನ್ನುತ್ತಿದ್ದಳು, ನಾನು ಒಂಬತ್ತು ವರ್ಷದವಳು, ಕಾದಂಬರಿಯಲ್ಲಿ ಯಾರಾದರೂ ಸಾಯುವುದು ಬಂದರೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡೇ, ಕಳ್ಳಿ, ಅವನು ಸತ್ತ ಅಂತ ಓದೇ, ನಾನೇನು ಜೊತೆಗೆ ಸಾಯಲ್ಲ ಅನ್ನುತ್ತಿದ್ದಳು. ಓದಲು ಬಾರದ್ದನ್ನು ಅಜ್ಜಿ ಮುಚ್ಚಿಡಲಿಲ್ಲ. ಅವಳಿಗೆ ಯಾರೂ ಬಹುಮಾನ ಕೊಡಲು ಹೊರಟಿರಲಿಲ್ಲ, ಅದಕ್ಕೆ. ಮುಚ್ಚಿಡುವಂತೆ ಮಾಡಿದ್ದು ಯಾರು ಇಲ್ಲಿ, ನಾನೇ, ಶನಿವಾರ ಬಾಗಿಲಲ್ಲಿ ಕಂಡ ಕೂಡಲೇ ಬಂದ್ಲು ನೋಡಿ ನಮ್ಮ ಓದೋ ಹುಳ ಅಂತ ಕೂಗುತ್ತಿದ್ದವಳು. ಇನ್ನೂ ಒಂದು ಇದೆ, ಅದನ್ನು ನೆನೆಸಿಕೊಳ್ಳಬಾರದು ಅಂದುಕೊಂಡೆ, ಆಗದು, ಬರುತ್ತದೆ, ಅವಳ ಶಾಲೆಯ ಟೀಚರ್, ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಲೈಬ್ರರಿಗೇ ಬಂದಿದ್ದರು, ಎಂಟು ತಿಂಗಳಾಯಿತು. ಆ ಹುಡುಗಿಗೆ ಒಂದು ಸಾಲು ಓದಕ್ಕೆ ಬರಲ್ಲ ಮೇಡಂ, ಅಕ್ಷರ ಒಂದರ ಮೇಲೊಂದು ಹತ್ತತ್ತೆ ಅಂತಾಳೆ, ನಿಮ್ಮಲ್ಲಿ ಇಷ್ಟೊಂದು ಪುಸ್ತಕ ತಗೊಂಡು ಏನ್ಮಾಡ್ತಾಳೆ ಅಂತ ಕೇಳಕ್ಕೆ ಬಂದೆ. ನಾನು ಏನಂದೆ, ನಿಮ್ಮ ಪಾಠದ ಪುಸ್ತಕ ಓದಕ್ಕೆ ಮನಸ್ಸಿಲ್ಲದಿದ್ರೆ ಓದಕ್ಕೇ ಬರಲ್ಲ ಅಂತಲ್ಲ ಟೀಚರ್. ಎಷ್ಟು ತಣ್ಣಗೆ ಅಂದೆ. ಅವರು ಕೋಪಿಸಿಕೊಳ್ಳಲಿಲ್ಲ, ನೀವೊಂದ್ಸಲ ಎದುರಿಗೆ ಕೂರಿಸಿ ಓದಿಸಿ ನೋಡಿ ಅಂದು ಹೋದರು. ಕೂರಿಸಲಿಲ್ಲ. ಓದಿಸಲಿಲ್ಲ. ಕಣ್ಣಿದ್ದೂ ಕುರುಡು, ಅದೂ ಎಂಟು ತಿಂಗಳು.

ವಾಪಸು ಬಸ್ಸು. ಕಿಟಕಿಯ ಪಕ್ಕ ಅಪ್ಪ, ನಡುವೆ ಜೋಳಿಗೆ, ಈ ಕಡೆ ನಾನು, ಕಂಡಕ್ಟರ್ ಅದೇ ಹೆಂಗಸು, ನಮ್ಮ ಹತ್ತಿರ ಬಂದಾಗ ಮಗುವಿನ ಗಲ್ಲ ಮುಟ್ಟಿ ಹೋದಳು. ಅಪ್ಪ ಬೈಯುತ್ತಾನೆ ಅಂತ ಕಾದಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವನು ಕೆಳದನಿಯಲ್ಲಿ ಕೇಳಿದ್ದು, ಆ ನಕ್ಷತ್ರಕ್ಕೆ ಹೋದೋನು ಕೊನೆಗೆ ವಾಪಸ್ ಬಂದಿದ್ದೂ ನೀನೇ ಮಾಡಿದ್ದಾ? ಹೂಂ. ಪುಸ್ತಕದಲ್ಲಿ ಬರಲ್ವಾ? ಗೊತ್ತಿಲ್ಲ ಅಪ್ಪಾ, ಅದೊಂದ್ರದ್ದು ಮಾತ್ರ ಮೇಡಂ ಕೊನೆ ಹೇಳಿರ್ಲಿಲ್ಲ. ಬರುವುದಿಲ್ಲ, ಅವನು ಅಲ್ಲೇ ಉಳಿಯುತ್ತಾನೆ, ನನಗೆ ಗೊತ್ತು, ನಾನು ಬಾಯಿ ಬಿಡಲಿಲ್ಲ. ಅಪ್ಪ ತಲೆದೂಗಿ ಹೊರಗೆ ನೋಡತೊಡಗಿದ, ಅವನ ಮುಖದಲ್ಲಿ ದುಃಖವೋ ಹೆಮ್ಮೆಯೋ ತಿಳಿಯಲಿಲ್ಲ, ಅವನಿಗೂ ತಿಳಿದಂತಿರಲಿಲ್ಲ. ನಾನು ಕೇಳಿದೆ, ನಂಗೆ ಹೇಳಬಹುದಿತ್ತಲ್ಲ ಪುಟ್ಟಾ. ಕೇಳಿದ ಮೇಲೆ ಗೊತ್ತಾಯಿತು ಕೇಳಬಾರದಿತ್ತು ಅಂತ, ಏಕೆಂದರೆ ಅವಳು, ಹೇಳ್ದೆ ಮೇಡಂ, ನಿನ್ನೆ, ಅಂದಳು. ನಿನ್ನೆ. ನಿನ್ನೆ ಸಂಜೆ ನಾನು ಸ್ಟೂಲಿನ ಮೇಲೆ ನಿಂತು ಬ್ಯಾನರಿನ ಮೂಲೆ ಕಟ್ಟುತ್ತಿದ್ದೆ, ಬಾಯಲ್ಲಿ ದಾರ, ಕೆಳಗೆ ಅವಳು ಪುಸ್ತಕ ಬಿಡಿಸಿ ಹಿಡಿದು ನಿಂತಿದ್ದಳು, ಮೇಡಂ ಈ ಪುಟ ನೀವೊಂದ್ಸಲ ಓದಿ ತೋರಿಸ್ತೀರಾ, ಒಂದೇ ಸಲ ಸಾಕು, ಅಂದಳು. ಒಂದೇ ಸಲ ಸಾಕಿತ್ತು ಅವಳಿಗೆ, ಅಂಥ ಕಿವಿ ಅದು, ಒಂದು ಸಲ ಕೇಳಿದ್ದರೆ ವೇದಿಕೆಯ ಮೇಲೆ ನಿಂತು ಅಕ್ಷರ ತಪ್ಪದೆ ಹೇಳಿ ಬರುತ್ತಿದ್ದಳು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ. ನಾನು ದಾರ ಕಚ್ಚಿಕೊಂಡೇ ಅಂದೆ, ನೀನೇ ಓದು ಬಂಗಾರಿ, ನಿನ್ನ ದನಿಯಲ್ಲೇ ಚೆಂದ. ಅಂದು ಇನ್ನೊಂದು ಗಂಟು ಹಾಕಿದೆ.

ಸಿಗ್ನಲ್. ಬಸ್ಸು ನಿಂತಿದೆ, ಎಂಜಿನ್ನು ಸೀಟನ್ನೆಲ್ಲ ನಡುಗಿಸುತ್ತಿದೆ, ಜೋಳಿಗೆ ಚೀಲದೊಳಗೆ ಕೈ ಹಾಕಿ ಆ ಪುಸ್ತಕ ತೆಗೆದಿದ್ದಾಳೆ, ಬಾತುಕೋಳಿಯದಲ್ಲ, ವೇದಿಕೆಯಲ್ಲಿ ಓದಬೇಕಿದ್ದದ್ದು, ನಾನು ಕೇಳಲಿಲ್ಲ, ದೇವರಾಣೆ ನಾನು ಕೇಳಲಿಲ್ಲ, ತಾನಾಗಿಯೇ ತೆಗೆದು ಪುಟ ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು, ಎಡಗಡೆ ಒಂದು ಮರದ ಚಿತ್ರ, ಬಲಗಡೆ ಆರು ಸಾಲು. ನಾನೂ ಪ್ರಯತ್ನ ಮಾಡ್ದೆ ಮೇಡಂ, ಪಕ್ಕದ ಮನೆ ಪುಟ್ಟಿ ಒಂದನೇ ಕ್ಲಾಸು, ಅವಳ ಹತ್ರ ಅಕ್ಷರ ಕೇಳ್ಕೊಂಡು, ನೋಡಿ. ಬೆರಳಿಟ್ಟಳು. ಮ. ರ. ದ. ಮೇ, ಲೆ. ಯಾ. ರೂ. ಒಂದೊಂದಕ್ಕೂ ಉಸಿರು ಎಳೆದುಕೊಂಡು, ನೀರಿನಲ್ಲಿ ಮುಳುಗಿ ಒಂದೊಂದೇ ಕಲ್ಲನ್ನು ಎತ್ತಿ ತಂದು ದಡಕ್ಕಿಟ್ಟ ಹಾಗೆ, ಇ. ರ. ಲಿ. ಲ್ಲ. ಆ. ದ. ರೂ. ಅಲ್ಲಿಗೆ ನಿಂತಳು. ಇಲ್ಲಿವರೆಗೂ ಬಂದೆ ಮೇಡಂ, ಒಂಬತ್ತು ದಿನಕ್ಕೆ. ಇದು ಪುಟ್ಟಿಗೂ ಗೊತ್ತಿಲ್ಲ. ಕೊಂ. ಮರದ ಮೇಲೆ ಯಾರೂ ಇರಲಿಲ್ಲ, ಆದರೂ ಕೊಂಬೆ ಅಲ್ಲಾಡುತ್ತಿತ್ತು, ಇಡೀ ಪುಟ ನನಗೆ ಬಾಯಿಪಾಠ, ಕೊಂಬೆ ಅಂತ ಹೇಳಿಬಿಡಲೇ, ಹೇಳಿದರೆ ಮತ್ತೆ ನನ್ನ ದನಿ, ಹೇಳದಿದ್ದರೆ ಮತ್ತೆ ಅವಳು ಒಬ್ಬಳೇ, ನಾಳೆ ಆ ಟೀಚರ್ ಹತ್ತಿರ ಹೋಗಬೇಕು, ಕಾಲಿಗೆ ಬೀಳಬೇಕಾದರೂ ಸರಿ, ಇಂಥ ಮಕ್ಕಳಿಗೆ ಹೇಳಿಕೊಡುವವರು ಇದ್ದಾರಂತೆ, ಹುಡುಕಬೇಕು, ಸಮಿತಿಯವರಿಗೆ ಏನಾದರೂ ಹೇಳಬೇಕು, ಅವಳ ಕಥೆಗಳನ್ನು ಯಾರಾದರೂ ಬರೆದುಕೊಳ್ಳಬೇಕು, ಏನೇನೋ ಮಾಡಬೇಕು, ಆದರೆ ಬೆರಳು ಅಲ್ಲೇ ಇದೆ, ಉಗುರಿನ ತುದಿ ಒತ್ತಿ ಒತ್ತಿ ಬೆಳ್ಳಗಾಗಿದೆ, ಅವಳು ಅದನ್ನು ಒಮ್ಮೆ ಎತ್ತಿದಳು, ಎತ್ತಿದ ಜಾಗದಲ್ಲಿ ಕಾಗದ ಬೂದು ಬಣ್ಣಕ್ಕೆ ತಿರುಗಿದೆ, ಸಾಲಿನ ಉದ್ದಕ್ಕೂ ತೆಳ್ಳಗೆ ಒಂದು ಬೂದು ಗೆರೆ, ಕೊಂ ಅಡಿಯಲ್ಲಿ ಮಾತ್ರ ದುಂಡಗೆ, ಗಾಢವಾಗಿ, ಕಾಗದದ ನಾರು ಎದ್ದು ಬಂದಿದೆ, ಅದರಾಚೆಗೆ ಪುಟವೆಲ್ಲ ಬೆಳ್ಳಗೆ, ಯಾರೂ ಮುಟ್ಟದ್ದು, ಹಸಿರು ಬಿದ್ದಿರಬೇಕು, ಹಿಂದಿನಿಂದ ಹಾರ್ನು ಕೇಳುತ್ತಿದೆ, ಬೆರಳು ಮತ್ತೆ ಬಂದು ಅಲ್ಲೇ ಕೂತಿತು, ಆ ಬೂದು ಕಲೆಯ ಮೇಲೆ, ಸರಿಯಾಗಿ ಅದರ ಮೇಲೆ, ಒಂಬತ್ತು ದಿನ ಕೂತ ಜಾಗ, ಬೂದು, ದುಂಡಗೆ, ಅಲ್ಲೇ